ಗದ್ದೆಗೆ ನೀರು ಬಿಟ್ಟರೆ ತಿಟ್ಟಿಗೆ ಹಕ್ಕಿ

ಬೆಳಗ್ಗೆ ಪೇಪರ್ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಜಲಾಶಯಗಳ ಮಟ್ಟ ಕೊಡುವ ಪುಟ್ಟ ಪಟ್ಟಿಯನ್ನು. ಕೆಆರ್‌ಎಸ್, ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ನೀರಾವರಿ ಇಲಾಖೆಯಲ್ಲಿ ನಾಲೆ ಏರಿಯ ಮೇಲೆ ಓಡಾಡಿಕೊಂಡೇ ನಿವೃತ್ತನಾದವನಿಗೆ ಈ ಚಟ ಬಿಡುವುದಿಲ್ಲ ಎಂದು ಮನೆಯಲ್ಲಿ ನಗುತ್ತಾರೆ. ನಗಲಿ. ಈಗ ನಾನದನ್ನು ನೋಡುವುದು ಹಕ್ಕಿಗಳ ಸಲುವಾಗಿ. ಹೊರಹರಿವು ಕಡಿಮೆಯಿದ್ದರೆ ಜಲಾಶಯದ ಕೆಳಗಿನ ರಂಗನತಿಟ್ಟಿನಲ್ಲಿ ದೋಣಿ ಇಳಿಯುತ್ತದೆ. ಅದು ಹತ್ತಾರು ಸಾವಿರ ಕ್ಯುಸೆಕ್‌ಗೆ ಏರಿತೋ, ದೋಣಿಗಳನ್ನು ದಡಕ್ಕೆ ಕಟ್ಟಿದರು ಎಂದೇ ಲೆಕ್ಕ. ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಮಕ್ಕಳು ಮರಿ ಕಟ್ಟಿಕೊಂಡು ಬಂದು, ಗೇಟಿನಲ್ಲಿ ‘ದೋಣಿ ವಿಹಾರ ಇಲ್ಲ’ ಎಂಬ ಬೋರ್ಡು ನೋಡಿ ಹಿಂದಿರುಗುವವರನ್ನು ಪ್ರತಿ ಮಳೆಗಾಲ ಕಾಣುತ್ತೇನೆ. ಆ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿದ್ದರೆ ಪೆಟ್ರೋಲು ಉಳಿಯುತ್ತಿತ್ತು.

ರಂಗನತಿಟ್ಟು ಎಂದರೆ ಕಾವೇರಿಯ ನಡುವೆ ಮರ, ಬಿದಿರು, ಬಂಡೆ ತುಂಬಿದ ಕೆಲವು ದಿಬ್ಬಗಳು. ಶ್ರೀರಂಗಪಟ್ಟಣದಿಂದ ಮೂರ್ನಾಲ್ಕು ಕಿಲೋಮೀಟರ್, ಪಾಲಹಳ್ಳಿಯ ಮಗ್ಗುಲಲ್ಲಿದೆ. ಇದನ್ನು ‘ಪ್ರಕೃತಿಯ ಕೊಡುಗೆ’ ಎಂದು ಬರೆಯುವವರ ಮೇಲೆ ನನಗೆ ಸಣ್ಣ ಮುನಿಸಿದೆ. 1645ರಿಂದ 1648ರ ನಡುವೆ ಮೈಸೂರಿನ ಕಂಠೀರವ ನರಸರಾಜ ಒಡೆಯರು ಹೊಳೆಗೆ ಅಡ್ಡಲಾಗಿ ಒಂದು ಒಡ್ಡು ಹಾಕಿಸಿದರು. ನೀರು ಹಿಂದಕ್ಕೆ ನಿಂತು ತಗ್ಗೆಲ್ಲ ಮುಳುಗಿತು, ಎತ್ತರದ ನೆಲ ಮಾತ್ರ ಹೊರಗೆ ಉಳಿಯಿತು. ಅವೇ ಈ ತಿಟ್ಟುಗಳು. ಹಕ್ಕಿಯ ಗೊಡವೆಯೇ ಇಲ್ಲದೆ ಕಟ್ಟಿದ ಒಡ್ಡು ಹಕ್ಕಿಗಳಿಗೆ ಊರು ಮಾಡಿಕೊಟ್ಟಿತು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿ ಇಲ್ಲಿನ ಗೂಡುಗಳನ್ನು ಕಂಡರು. ಅವರ ಮಾತಿನ ಮೇಲೆ 1940ರಲ್ಲಿ ಸಂಸ್ಥಾನ ಇದನ್ನು ಪಕ್ಷಿಧಾಮವೆಂದು ಸಾರಿತು. 2022ರಲ್ಲಿ ಜಾಗತಿಕ ಮಹತ್ವದ ಜೌಗು ತಾಣಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಕರ್ನಾಟಕದಿಂದ ಆ ಪಟ್ಟಿಗೆ ಹೋದ ಮೊದಲ ಜೌಗು ತಾಣ ಇದೇ. ರಾಮ್ಸಾರ್ ಲೆಕ್ಕದಲ್ಲಿ ಹೊಳೆಯನ್ನೂ ಸೇರಿಸಿ 518 ಹೆಕ್ಟೇರ್ ಇದ್ದರೂ, ಹಳೆಯ ಪಕ್ಷಿಧಾಮ ಬರೀ 0.67 ಚದರ ಕಿಲೋಮೀಟರ್.

ಇಷ್ಟು ಸಣ್ಣ ಜಾಗದಲ್ಲಿ ಸಾವಿರಾರು ಹಕ್ಕಿ. ಅಷ್ಟಕ್ಕೂ ಹೊಟ್ಟೆಗೆ ಇಲ್ಲಿ ಸಿಗುತ್ತದೆಯೇ? ಸಿಗುವುದಿಲ್ಲ. ತಿಟ್ಟು ಬಾಣಂತಿಕೋಣೆ ಮಾತ್ರ, ಅಡುಗೆಮನೆ ಹೊರಗೆ ಇದೆ. ಸುತ್ತಲಿನ ಕೆರೆ, ನಾಲೆ, ಭತ್ತದ ಗದ್ದೆ, ಹೊಳೆಯ ತೆಳುನೀರು, ಇವೇ ಆ ಅಡುಗೆಮನೆ. ದೋಣಿಯಲ್ಲಿ ಅರ್ಧ ಗಂಟೆ ಸುತ್ತಿ ಬಂದವರಿಗೆ ಇದು ಕಾಣುವುದಿಲ್ಲ. ನೋಡಬೇಕೆಂದರೆ ಗೂಡಿನಿಂದ ಎದ್ದ ಹಕ್ಕಿ ಯಾವ ಕಡೆ ಹೋಯಿತು ಎಂದು ಗಮನಿಸಬೇಕು. ಬೆಳಗಿನ ಹೊತ್ತು ಬಣ್ಣದ ಕೊಕ್ಕರೆಗಳು ಬಿಸಿಗಾಳಿಯ ಮೇಲೆ ಸುತ್ತು ಹಾಕುತ್ತ ಮೇಲೇರಿ, ರೆಕ್ಕೆ ಬಡಿಯದೆ ತೇಲುತ್ತ ದೂರದ ಕೆರೆಗಳ ಕಡೆ ಸಾಗುವುದು ಪಾರ್ಕಿಂಗ್ ಜಾಗದಿಂದಲೇ ಕಾಣುತ್ತದೆ. ಹೆಚ್ಚಿನವರು ಆ ಹೊತ್ತಿಗೆ ಟಿಕೆಟ್ ಸಾಲಿನಲ್ಲಿ ಮೊಬೈಲ್ ನೋಡುತ್ತಿರುತ್ತಾರೆ.

ಹೋದ ಮಾರ್ಚಿನಲ್ಲಿ ತಂಗಿಯ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಆರನೇ ಕ್ಲಾಸು, ಕೇಳುವುದರಲ್ಲಿ ವಕೀಲೆ. ನಮ್ಮ ದೋಣಿಯವನು ಹುಟ್ಟು ಹಾಕುವುದರಲ್ಲಿ ನಿಸ್ಸೀಮ. ಎಷ್ಟು ಹತ್ತಿರ ಹೋದರೆ ಹಕ್ಕಿ ಕುಳಿತೇ ಇರುತ್ತದೆ, ಇನ್ನೊಂದು ಮಾರು ಹೋದರೆ ಏಳುತ್ತದೆ ಎಂಬುದು ಅವನ ಕೈಗೆ ಗೊತ್ತು. ನಾನು ತಂದಿದ್ದ ದುರ್ಬೀನನ್ನು ಹುಡುಗಿಯ ಕುತ್ತಿಗೆಗೆ ಹಾಕಿದೆ. ಅದರ ಮೇಲೆ 8×42 ಎಂದು ಬರೆದಿತ್ತು. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಎಂದರ್ಥ. ಅಂಗಡಿಯವರು ಹತ್ತು, ಹನ್ನೆರಡು ಪಟ್ಟಿನದನ್ನು ತೋರಿಸಿ ಮರುಳು ಮಾಡುತ್ತಾರೆ. ತೂಗಾಡುವ ದೋಣಿಯಲ್ಲಿ ಅದನ್ನು ಹಿಡಿದರೆ ಹಕ್ಕಿ ಬಿಟ್ಟು ಉಳಿದದ್ದೆಲ್ಲ ಕುಣಿಯುತ್ತದೆ. ಎಂಟೇ ಸಾಕು.

“ತಾತ, ಆ ಕೊಕ್ಕರೆ ಯಾಕೆ ಕೊಡೆ ಬಿಚ್ಚಿಕೊಂಡು ನಿಂತಿದೆ?” ಎಂದಳು. ಬಣ್ಣದ ಕೊಕ್ಕರೆಯೊಂದು ಗೂಡಿನ ಅಂಚಿನಲ್ಲಿ ಬಿಸಿಲಿಗೆ ಬೆನ್ನು ಮಾಡಿ ಎರಡೂ ರೆಕ್ಕೆ ಅರ್ಧ ಬಿಚ್ಚಿ ನಿಂತಿತ್ತು. ಅದರ ನೆರಳಿನಲ್ಲಿ ಮೂರು ಮರಿ. ಮಾರ್ಚ್ ಬಿಸಿಲಿಗೆ ಬರೀ ಮೈಯ ಮರಿ ತಡೆಯುವುದಿಲ್ಲ, ಹಾಗಾಗಿ ತಾಯಿ ತಂದೆ ಸರದಿಯ ಮೇಲೆ ಹೀಗೆ ನಿಲ್ಲುತ್ತವೆ. ದುರ್ಬೀನಿನಲ್ಲಿ ನೋಡಿದರೆ ಬಾಲದ ಮೇಲಿನ ಆ ಗುಲಾಬಿ ಗರಿಗಳು, ಬಾಗಿದ ಹಳದಿ ಕೊಕ್ಕು, ಗರಿಯಿಲ್ಲದ ಕಿತ್ತಳೆ ಮುಖ ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ದೊಡ್ಡ ಹಕ್ಕಿಗಳಿಗೆ ಗಂಟಲಿಲ್ಲ, ಮಾತೇನಿದ್ದರೂ ಕೊಕ್ಕು ಕುಟ್ಟಿಕೊಂಡು ಕಟಕಟ ಎನ್ನಬೇಕು. ಗದ್ದಲವೆಲ್ಲ ಮರಿಗಳದು. ಮೀನು ತಂದ ಹಕ್ಕಿ ಗೂಡಿಗೆ ಇಳಿದ ಕ್ಷಣ ಇಡೀ ಮರವೇ ಹಸಿವು ಹಸಿವು ಎಂದು ಕೂಗಿದಂತಾಗುತ್ತದೆ.

ಈ ಹಕ್ಕಿ ಮೀನು ಹಿಡಿಯುವ ಬಗೆಯನ್ನು ತಿಟ್ಟಿನಲ್ಲಿ ನೋಡುವುದಕ್ಕಿಂತ ಯಾವುದಾದರೂ ಕೆರೆಯ ಹಿನ್ನೀರಿನಲ್ಲಿ ನೋಡಬೇಕು. ಮೊಣಕಾಲ ನೀರಿನಲ್ಲಿ ಕೊಕ್ಕು ಅರ್ಧ ತೆರೆದು ಮುಳುಗಿಸಿಕೊಂಡು, ಒಂದು ಕಾಲಿನಿಂದ ಕೆಸರು ಕೆದಕುತ್ತ ನಡೆಯುತ್ತದೆ. ಕಣ್ಣಿನಿಂದ ಹುಡುಕುವುದೇ ಇಲ್ಲ. ಮೀನು ತಾನಾಗಿ ಬಂದು ಕೊಕ್ಕಿಗೆ ತಗುಲಿದರೆ ಟಪ್ ಎಂದು ಮುಚ್ಚಿಕೊಳ್ಳುತ್ತದೆ. ಇದರ ಅಮೆರಿಕದ ದಾಯಾದಿ ಕೊಕ್ಕರೆಯೊಂದರ ಮೇಲೆ 1960ರ ದಶಕದಲ್ಲಿ ಪರೀಕ್ಷೆ ನಡೆಸಿದರು. ಕಣ್ಣು ಮುಚ್ಚಿದರೂ ಅದು ಮೀನು ಹಿಡಿಯಿತು. ಮೀನು ತಗುಲಿದ ಮೇಲೆ ಕೊಕ್ಕು ಮುಚ್ಚಲು ಹಿಡಿದ ಸಮಯ ಸೆಕೆಂಡಿನ ಸಾವಿರ ಭಾಗದಲ್ಲಿ 25. ಆದ್ದರಿಂದ ನೀರು ಕಲಕಿದ್ದರೂ ಅದಕ್ಕೆ ಬಾಧಕವಿಲ್ಲ. ಆದರೆ ಆಳ ಮಾತ್ರ ಲೆಕ್ಕದಲ್ಲಿರಬೇಕು. ಕಾಲಿಗಿಂತ ಆಳವಾದರೆ ನಿಲ್ಲಲಾಗದು. ಕೆರೆ ತುಂಬಿ ತುಳುಕುವಾಗ ಬಣ್ಣದ ಕೊಕ್ಕರೆಗೆ ಉಪವಾಸ. ಬೇಸಿಗೆಗೆ ನೀರು ಇಳಿದು, ಮೀನು ಗುಂಡಿಗಳಲ್ಲಿ ಒತ್ತೊತ್ತಾಗಿ ಸೇರಿದಾಗ ಹಬ್ಬ. ಚಳಿಗಾಲ ಮುಗಿಯುತ್ತ ಬಂದಂತೆ ಇವು ಗೂಡು ಕಟ್ಟುವುದರ ಗುಟ್ಟು ಇಲ್ಲಿದೆ.

ಪಕ್ಕದ ಮರದಲ್ಲಿ ಚಮಚ ಕೊಕ್ಕರೆಗಳಿದ್ದವು. ಅವು ನೀರಿನಲ್ಲಿ ಆ ಚಪ್ಪಟೆ ತುದಿಯ ಕೊಕ್ಕನ್ನು ಎಡಕ್ಕೆ ಬಲಕ್ಕೆ ಬೀಸುತ್ತ ಸಾಲಾಗಿ ಸಾಗುತ್ತವೆ. ಹಾವಕ್ಕಿ, ನೀರುಕಾಗೆಗಳು ಮುಳುಗುವ ಪೈಕಿ, ಅವಕ್ಕೆ ಆಳ ಬೇಕು. ಮುಳುಗೆದ್ದ ಮೇಲೆ ಬಂಡೆಯ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತವೆ. ಹೆಜ್ಜಾರ್ಲೆ ತೇಲುತ್ತಲೇ ಗಂಟಲಚೀಲದಿಂದ ಮೀನನ್ನು ನೀರು ಸಮೇತ ಮೊಗೆಯುತ್ತದೆ. ಒಂದೇ ಕೊಂಬೆಯ ಮೇಲೆ ನಾಲ್ಕು ಜಾತಿ ಕುಳಿತರೂ ಜಗಳ ಗೂಡಿನ ಕಡ್ಡಿಗೆ ಮಾತ್ರ, ಊಟಕ್ಕಲ್ಲ. ಒಬ್ಬೊಬ್ಬರ ಪಾತಳಿ ಬೇರೆ. ನಾಲೆಯಲ್ಲಿ ಇಂತಿಷ್ಟು ಅಡಿ ನೀರು ಎಂದು ದಿನಾ ಗೇಜು ನೋಡಿ ಬರೆದವನಿಗೆ ಈ ಏರ್ಪಾಟು ಬಹಳ ಹಿಡಿಸಿತು ಎನ್ನಬೇಕು.

ನನಗೆ ಎಲ್ಲಕ್ಕಿಂತ ಹತ್ತಿರದ ಹಕ್ಕಿ ಬಾಯ್ಕಳಕ. ನೋಡಲು ಏನೂ ಚೆಂದವಿಲ್ಲ. ಮಾಸಿದ ಬಿಳಿ ಮೈ, ಕಪ್ಪು ರೆಕ್ಕೆಯಂಚು. ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಮರಿಗಳಿಗೆ ಈ ಸಂದಿಲ್ಲ, ಬೆಳೆಯುತ್ತ ಬೆಳೆಯುತ್ತ ಮೂಡುತ್ತದೆ. ಇದು ಬಸವನಹುಳುವಿನ ಚಿಪ್ಪನ್ನು ಅಡಕೊತ್ತಿನಲ್ಲಿಟ್ಟಂತೆ ಒಡೆಯಲು ಆದದ್ದು ಎಂದು ಬಹಳ ಕಾಲ ನಂಬಿದ್ದರು. ಕೂತು ನೋಡಿದ ಮೇಲೆ ತಿಳಿದದ್ದೇ ಬೇರೆ. ಹಕ್ಕಿ ಚಿಪ್ಪನ್ನು ಒಡೆಯುವುದೇ ಇಲ್ಲ. ಕೊಕ್ಕಿನ ಮೇಲ್ಭಾಗದಿಂದ ಚಿಪ್ಪನ್ನು ನೆಲಕ್ಕೆ ಒತ್ತಿ ಹಿಡಿದು, ಕೆಳಭಾಗದ ಚೂಪು ತುದಿಯನ್ನು ಚಿಪ್ಪಿನ ಬಾಯಿಗೆ ತೂರಿಸಿ, ಒಳಗಿನ ಸ್ನಾಯು ಕತ್ತರಿಸಿ ಹುಳುವನ್ನು ಇಡಿಯಾಗಿ ಹೊರಗೆಳೆಯುತ್ತದೆ. ಇದನ್ನು ನಾನು ನಾಲೆ ಏರಿಯ ಮೇಲೆ ಸೈಕಲ್ ನಿಲ್ಲಿಸಿ ಎಷ್ಟೋ ಬೆಳಗು ನೋಡಿದ್ದೇನೆ. ಹಕ್ಕಿ ಹೋದ ಮೇಲೆ ಗದ್ದೆ ಬದುವಿನಲ್ಲಿ ಬಿದ್ದಿರುವ ಚಿಪ್ಪು ಎತ್ತಿದರೆ ಒಂದು ಬಿರುಕೂ ಇರುವುದಿಲ್ಲ, ಒಳಗೆ ಖಾಲಿ.

ಈ ಬಸವನಹುಳುವಿಗೂ ನಮ್ಮ ಇಲಾಖೆಗೂ ನಂಟಿದೆ. ಗದ್ದೆ ಒಣಗಿದಾಗ ಅದು ಕೆಸರಿನೊಳಗೆ ಹೂತುಕೊಂಡು ಚಿಪ್ಪಿನ ಬಾಯಿ ಮುಚ್ಚಿ ತಿಂಗಳುಗಟ್ಟಲೆ ಮಲಗುತ್ತದೆ. ಮಳೆ ಬಿದ್ದು ನಾಲೆಗೆ ನೀರು ಬಿಟ್ಟು ಗದ್ದೆ ತೊಯ್ದರೆ ಎದ್ದು ಬರುತ್ತದೆ, ಮೊಟ್ಟೆ ಇಡುತ್ತದೆ. ಬಾಯ್ಕಳಕಗಳು ಮರಿ ಮಾಡಿದಾಗ ಮರಿಗಳ ಬಾಯಿಗೆ ಈ ಹುಳು ಬೇಕೇ ಬೇಕು. ಅಂದಮೇಲೆ ವಿಶ್ವೇಶ್ವರಯ್ಯ ನಾಲೆಯ ಗೇಟು ಎಂದು ಏಳುತ್ತದೆ, ಕಟ್ಟು ಪದ್ಧತಿಯಲ್ಲಿ ಎಷ್ಟು ದಿನ ನೀರು, ಎಷ್ಟು ದಿನ ಬಂದ್ ಎಂಬುದು ಮಂಡ್ಯದ ರೈತನ ಪಾಡು ಎಷ್ಟೋ ರಂಗನತಿಟ್ಟಿನ ಬಾಯ್ಕಳಕದ ಪಾಡೂ ಅಷ್ಟೇ. ಬರ ಬಿದ್ದು ‘ಈ ಬಾರಿ ಭತ್ತ ಹಾಕಬೇಡಿ’ ಎಂದು ಸರ್ಕಾರ ಪ್ರಕಟಣೆ ಕೊಟ್ಟ ವರ್ಷ ಹಕ್ಕಿಗಳಿಗೆ ಯಾರೂ ಪ್ರಕಟಣೆ ಕೊಡುವುದಿಲ್ಲ. ಅವು ಗದ್ದೆ ನೋಡಿಯೇ ತಿಳಿದುಕೊಳ್ಳುತ್ತವೆ.

ದೋಣಿ ಬಂಡೆಗಳ ಕಡೆ ತಿರುಗಿತು. ದೋಣಿಯವನು ಹುಟ್ಟು ಎತ್ತಿ ಹಿಡಿದು, ದೋಣಿಯನ್ನು ಒಂದು ಬಾಗಿದ ಬಂಡೆಯ ಅಡಿಗೆ ತೇಲಲು ಬಿಟ್ಟ. “ತಲೆ ಬಗ್ಗುಸಿ ಸಾ, ಮ್ಯಾಕೆ ನೋಡವ್ವ” ಎಂದ. ನೆತ್ತಿಯ ಮೇಲೆ ಗೇಣು ದೂರದಲ್ಲಿ ಮಣ್ಣಿನ ಗೂಡುಗಳು, ಒಂದಕ್ಕೊಂದು ಅಂಟಿಕೊಂಡು ಗೊಂಚಲು ಗೊಂಚಲು. ಪ್ರತಿ ಗೂಡಿಗೂ ಒಂದು ಸಣ್ಣ ಕೊಳವೆ ಬಾಯಿ, ಒಂದೊಂದು ಬಾಯಿಂದಲೂ ಕವಲುತೋಕೆಯ ಕೆಂಗಂದು ತಲೆ ಇಣುಕುತ್ತಿತ್ತು. ಗೂಡಿನ ಮೈ ಹತ್ತಿರದಿಂದ ನೋಡಿದರೆ ಕಾಳುಕಾಳಾಗಿ ಕಾಣುತ್ತದೆ. ಒಂದೊಂದು ಕಾಳೂ ಒಂದೊಂದು ಸಲ ಕೊಕ್ಕಿನಲ್ಲಿ ತಂದ ಕೆಸರುಂಡೆ. ಹಿಂದಿನ ದಿನ ಮೆತ್ತಿದ್ದು ಒಣಗಿ ಬೂದು, ಆ ಬೆಳಗ್ಗೆ ಮೆತ್ತಿದ್ದು ಇನ್ನೂ ಕಪ್ಪು. ಹುಡುಗಿ ಬೆರಳು ಚಾಚಿದಳು. “ಮುಟ್ಬ್ಯಾಡ ಕನವ್ವ, ಹಸಿ ಐತೆ” ಎಂದು ದೋಣಿಯವನು ಗದರಿದ. ಮೊದಲ ಸಲ ಅವಳು ಪ್ರಶ್ನೆ ಕೇಳದೆ ಕೈ ಹಿಂದಕ್ಕೆಳೆದುಕೊಂಡಳು.

ಅಲ್ಲಿಂದ ಮುಂದಿನ ಚಪ್ಪಟೆ ಬಂಡೆಗಳ ಮೇಲೆ ಹೊಳೆ ರೀವಗಳು. ಕಪ್ಪು ಟೋಪಿ, ಹಳದಿ ಕೊಕ್ಕು, ಸೀಳುಬಾಲ. ಇವಕ್ಕೆ ಗೂಡು ಕಟ್ಟುವ ಉಸಾಬರಿಯೇ ಇಲ್ಲ, ಬರೀ ಕಲ್ಲು ಮರಳಿನ ಮೇಲೆ ಮೊಟ್ಟೆ. ಪಕ್ಕದಲ್ಲೇ ದೊಡ್ಡ ಕಲ್ಲುಗೊರವ ಹಳದಿ ಕಣ್ಣು ಬಿಟ್ಟುಕೊಂಡು ಕಲ್ಲಿಗೆ ಕಲ್ಲಾಗಿ ನಿಂತಿರುತ್ತದೆ, ತೋರಿಸಿಕೊಡುವವರಿಲ್ಲದಿದ್ದರೆ ಕಾಣುವುದೇ ಇಲ್ಲ. ನಮ್ಮ ದೋಣಿಯಲ್ಲಿದ್ದ ದಂಪತಿಗೆ ಇದ್ಯಾವುದೂ ಬೇಕಿರಲಿಲ್ಲ. “ಮೊಸಳೆ ಎಲ್ಲಿ?” ಎಂಬ ಒಂದೇ ಮಾತು. ದೋಣಿಯವನು ಹುಟ್ಟಿನಿಂದಲೇ ತೋರಿಸಿದ, “ಅಗಳಿ ಸಾ, ಬಾಯ್ ಬುಟ್ಕಂಡು ಬಿದ್ದದೆ.” ಬಾಯಿ ತೆರೆದು ಬಿದ್ದ ಮೊಸಳೆ ಯಾರನ್ನೋ ತಿನ್ನಲು ಕಾಯುತ್ತಿರುವುದಿಲ್ಲ, ಮೈ ಕಾವು ಇಳಿಸಿಕೊಳ್ಳುತ್ತಿರುತ್ತದೆ. ಗೂಡಿನಿಂದ ಜಾರಿ ಬಿದ್ದ ಮರಿ ಸಿಕ್ಕರೆ ಬಿಡುವುದಿಲ್ಲ, ಅದೂ ನಿಜವೇ. ಆದರೂ ಹಕ್ಕಿಗಳು ಮೊಸಳೆಯಿರುವ ನೀರಿನ ಮೇಲೆಯೇ ಗೂಡು ಕಟ್ಟುತ್ತವೆ. ಅಮೆರಿಕದ ಫ್ಲಾರಿಡಾದ ಜೌಗಿನಲ್ಲಿ ಅಲಿಗೇಟರ್‌ಗಳ ವಿಷಯದಲ್ಲಿ ಇದನ್ನು ಅಧ್ಯಯನ ಮಾಡಿದ್ದಾರೆ. ಮರ ಹತ್ತಿ ಮೊಟ್ಟೆ ಕದಿಯುವ ಪ್ರಾಣಿಗಳು ಕೆಳಗಿನ ಕಾವಲುಗಾರನಿಗೆ ಹೆದರಿ ಈಜಿ ಬರುವುದಿಲ್ಲ, ಹಕ್ಕಿ ಒಂದೆರಡು ಮರಿಯನ್ನು ಕೂಲಿಯಾಗಿ ಕೊಡುತ್ತದೆ. ಇಲ್ಲೂ ಲೆಕ್ಕ ಹಾಗೇ ಇರಬೇಕೆಂದು ನನ್ನ ಅನಿಸಿಕೆ.

ಆ ಕಾವಲು ನಡೆಯುವುದು ತಿಟ್ಟಿನ ಸುತ್ತ ನೀರಿದ್ದರೆ. ಹೊಳೆ ಬತ್ತಿ ಬಂಡೆಗಳ ನಡುವೆ ನಡೆದು ಹೋಗುವಂತಾದರೆ ನಾಯಿಗಳಿಗೆ ದಾರಿ ಆಗುತ್ತದೆ. ನೀರು ಹೆಚ್ಚಾದರೆ ಇನ್ನೊಂದು ಸಂಕಟ. 2018, 2019ರ ಆಗಸ್ಟ್ ತಿಂಗಳನ್ನು ಈ ಸೀಮೆಯವರು ಮರೆಯುವುದಿಲ್ಲ. 2019ರಲ್ಲಿ ಕೆಆರ್‌ಎಸ್ ಹೊರಹರಿವು ಲಕ್ಷ ಕ್ಯುಸೆಕ್ ದಾಟಿತು. ಮುಂಗಾರಿನಲ್ಲಿ ಗೂಡು ಮಾಡುವ ಬೆಳ್ಳಕ್ಕಿ, ಕೆಂಬರಲು, ಇರುಳುಬಕಗಳಿಗೆ ಅದು ಮೊಟ್ಟೆ ಮರಿಯ ಕಾಲ. ತಗ್ಗಿನ ಗಿಡಗಳು ಮುಳುಗಿದವು, ತಿಟ್ಟುಗಳ ಅಂಚು ಕೊಚ್ಚಿತು. ಆಮೇಲೆ ಅರಣ್ಯ ಇಲಾಖೆ ಮರಳು ಮೂಟೆ ಪೇರಿಸಿ ದಡ ಗಟ್ಟಿ ಮಾಡಿಸಿದೆ.

‘ಹಕ್ಕಿಗಾಗಿ ನೀರು ಹಿಡಿದಿಡಬಾರದೇ?’ ಎಂದು ಸ್ನೇಹಿತರು ಕೇಳುತ್ತಾರೆ. ಅಣೆಕಟ್ಟಿನ ಮೇಲೆ ಮಳೆ ರಾತ್ರಿ ಕಳೆದವರು ಹಾಗೆ ಕೇಳುವುದಿಲ್ಲ. ಕೊಡಗಿನಿಂದ ಹರಿದು ಬರುವುದನ್ನು ತುಂಬಿದ ಜಲಾಶಯ ಹೊರಗೆ ಬಿಡಲೇಬೇಕು. ಕಾವೇರಿಗೆ ಪ್ರವಾಹ ಹೊಸದೂ ಅಲ್ಲ, ಅಣೆಕಟ್ಟಿಲ್ಲದ ಕಾಲದಲ್ಲೂ ತಿಟ್ಟು ಮುಳುಗಿದ್ದಿರಬೇಕು. ನನ್ನ ತಕರಾರು ಬೇರೆ. ಪ್ರವಾಹಕ್ಕೆ ಸಿಕ್ಕ ಹಕ್ಕಿ ಮರುವರ್ಷ ಇನ್ನೊಂದು ಮೊಟ್ಟೆ ಇಡುತ್ತದೆ, ಅದರ ಆಯುಸ್ಸಿನಲ್ಲಿ ಅದಕ್ಕೆ ಅವಕಾಶವಿದೆ. ಆದರೆ ಮೀನು ಹಿಡಿಯುವ ಕೆರೆಯಲ್ಲಿ ಹೂಳು ತುಂಬಿ, ಕತ್ತೆಕಿವಿ ಗಿಡ ಹಬ್ಬಿ, ಊರಿನ ಕೊಳಚೆ ಸೇರಿದರೆ ಮರುವರ್ಷದ ಮರಿಗೂ ಊಟವಿಲ್ಲ. ಗದ್ದೆಗೆ ಹೊಡೆದ ಔಷಧ ಬಸವನಹುಳುವಿಗೆ ತಗುಲಿದರೂ ಅಷ್ಟೇ. ತಿಟ್ಟಿಗೆ ಬೇಲಿಯಿದೆ, ಕಾವಲಿದೆ, ಈಗ ರಾಮ್ಸಾರ್ ಫಲಕವೂ ಇದೆ. ಕೆರೆಗಳಿಗೆ ಇದ್ದದ್ದು ನೀರುಗಂಟಿ ಒಬ್ಬ. ಅವನ ಕೆಲಸವನ್ನೇ ಎಷ್ಟೋ ಊರುಗಳಲ್ಲಿ ತೆಗೆದುಹಾಕಿಯಾಯಿತು.

ಬೇಲಿಯೇ ಇಲ್ಲದೆ ಹಕ್ಕಿ ಉಳಿಸಿಕೊಂಡ ಊರು ನಮ್ಮ ಜಿಲ್ಲೆಯಲ್ಲೇ ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಅಲ್ಲಿ ಮನೆ ಮುಂದಿನ ಹುಣಸೆಮರಗಳಲ್ಲೇ ಮರಿ ಮಾಡುತ್ತವೆ. ಕೆಳಗೆ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರ. ಹುಣಸೆ ಫಸಲು ಕೈತಪ್ಪುವುದಕ್ಕೆ ಮರದ ಯಜಮಾನರಿಗೆ ಅರಣ್ಯ ಇಲಾಖೆ ಹಣ ಕೊಡುತ್ತದೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರಿಂದ ಹೊರಜಗತ್ತಿಗೆ ಸುದ್ದಿ ತಿಳಿಯಿತು, 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಅಲ್ಲಿನ ಹಕ್ಕಿಗಳಿಗೂ ಅಡುಗೆಮನೆ ಶಿಂಷಾ ಹೊಳೆ ಮತ್ತು ಸುತ್ತಲ ಕೆರೆಗಳೇ.

ಉತ್ತರದ ಕಡೆಯ ಓದುಗರು ಇಷ್ಟು ದೂರ ಬರಬೇಕಿಲ್ಲ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಅಂಕಸಮುದ್ರ ವಿಜಯನಗರ ಜಿಲ್ಲೆಯಲ್ಲಿದೆ, ಮಾಗಡಿ ಕೆರೆ ಗದಗ ಜಿಲ್ಲೆಯಲ್ಲಿದೆ. ಎರಡೂ ಬೇಸಾಯಕ್ಕೆಂದು ಕಟ್ಟಿದ ಕೆರೆಗಳು. ಮಾಗಡಿಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ನೀರಿನಲ್ಲಿ ಕಳೆದು, ಕತ್ತಲಾದ ಮೇಲೆ ಹೊಲಗಳಿಗೆ ಮೇಯಲು ಹೋಗುತ್ತವೆ.

ರಂಗನತಿಟ್ಟಿಗೆ ಬರುವವರಿಗೆ ನನ್ನ ಸಲಹೆ ಇಷ್ಟು. ಗೂಡು ಮರಿ ನೋಡಬೇಕೆಂದರೆ ಫೆಬ್ರವರಿಯಿಂದ ಮೇ, ಗೇಟು ತೆಗೆಯುವ ಹೊತ್ತಿಗೇ ಬನ್ನಿ. ಸಂಜೆ ಬಂದರೆ ಬೆಳ್ಳಕ್ಕಿಗಳು ಹಿಂಡಾಗಿ ಇಳಿಯುವ ಹೊತ್ತಿಗೆ ಇರುಳುಬಕಗಳು ‘ಕ್ವಾಕ್’ ಎನ್ನುತ್ತ ಪಾಳಿ ಬದಲಾಯಿಸಿಕೊಂಡು ಹೊರಡುವುದನ್ನು ನೋಡಬಹುದು, ಬಿದಿರಿನ ಮೇಲೆ ತೂಗುವ ಬಾವಲಿಗಳೂ ಆಗ ಎಚ್ಚರ. ದೋಣಿಯಲ್ಲಿ ಚಪ್ಪಾಳೆ ತಟ್ಟಿ ಹಕ್ಕಿ ಹಾರಿಸಿ ಫೋಟೋ ತೆಗೆಯುವವರು ಸಿಗುತ್ತಾರೆ. ತಾಯಿ ಎದ್ದ ಗೂಡಿನ ಮೇಲೆ ಕಾಗೆ ಕಣ್ಣಿಟ್ಟಿರುತ್ತದೆ ಎಂದು ಅವರಿಗೆ ಹೇಳಿ. ಕೇಳದಿದ್ದರೆ ದೋಣಿಯವನಿಗೆ ಹೇಳಿ, ಅವನ ಬಾಯಿ ನಮಗಿಂತ ಜೋರು.

ಪ್ರತಿ ಜನವರಿಯಲ್ಲಿ ಏಷ್ಯಾದ ಉದ್ದಗಲಕ್ಕೂ ನೀರುಹಕ್ಕಿಗಳ ಗಣತಿ ನಡೆಯುತ್ತದೆ, 1987ರಿಂದ ನಡೆದು ಬಂದಿದೆ. ಯಾರು ಬೇಕಾದರೂ ಸೇರಬಹುದು. ನಾನು ನಮ್ಮೂರ ಕೆರೆ ಆರಿಸಿಕೊಂಡಿದ್ದೇನೆ. ಹಿಂಡನ್ನು ಒಂದೊಂದಾಗಿ ಎಣಿಸಲು ಹೋದರೆ ಮುಗಿಯದು. ಹತ್ತು ಹಕ್ಕಿ ಎಣಿಸಿ, ಅವು ಎಷ್ಟು ಜಾಗ ತುಂಬಿವೆ ಎಂದು ಕಣ್ಣಳತೆ ಹಿಡಿದು, ಆ ಅಳತೆಯಿಂದಲೇ ಇಡೀ ಹಿಂಡನ್ನು ಅಳೆಯಬೇಕು. ಜೊತೆಗೆ ಇನ್ನೊಬ್ಬರಿದ್ದರೆ ಒಳ್ಳೆಯದು, ಇಬ್ಬರ ಲೆಕ್ಕವೂ ತಾಳೆಯಾಗದೆ ಒಂದಿಷ್ಟು ಜಗಳವಾದರೆ ಇನ್ನೂ ಒಳ್ಳೆಯದು. ಈ ವರ್ಷ ಏರಿಯ ಮೇಲೆ ಕೂತು ಬಾಯ್ಕಳಕಗಳನ್ನು ಗುರುತು ಹಾಕಿಕೊಳ್ಳುತ್ತಿದ್ದಾಗ, ಕೆಳಗಿನ ಗದ್ದೆಯ ಯಜಮಾನರು ಬಂದು ಪಕ್ಕ ಕುಳಿತರು. ಸ್ವಲ್ಪ ಹೊತ್ತು ನೋಡಿ ಕೇಳಿದರು.

“ಇವ್ನೆಲ್ಲ ಎಣ್ಸಿ ಯಾರ್ಗ್ ಕೊಟ್ಟೀರಿ ಸಾ?”

ದೊಡ್ಡ ಲೆಕ್ಕಕ್ಕೆ ಸೇರುತ್ತದೆ, ಹೊರದೇಶದವರೂ ನೋಡುತ್ತಾರೆ ಎಂದೆ.

“ಅಂಗಾರೆ ನಮ್ ತೂಬು ಸೋರ್ತಾ ಅದೆ, ಶಿವರಾತ್ರಿ ಒಳ್ಗೇ ಕೆರೆ ಬರಿದಾಯ್ತದೆ ಅಂತ್ಲೂ ಅದ್ರಾಗೇ ಒಂದ್ ಸಾಲು ಬರ್ದ್‌ಬುಡಿ” ಎಂದರು.

ಹಕ್ಕಿ ಪಟ್ಟಿಯ ಕೆಳಗಿನ ‘ಷರಾ’ದಲ್ಲಿ ಬರೆದಿದ್ದೇನೆ. ತೂಬಿನ ಅರ್ಜಿಯನ್ನು ಬೇರೆ ಹಾಳೆಯಲ್ಲಿ ಬರೆದು ಅವರ ಸಹಿ ಹಾಕಿಸಿಯೂ ಆಯಿತು.